ವರ್ತಕರು ಮತ್ತು ವಕೀಲರು: ವ್ಯಾಜ್ಯಕ್ಕೆ ಮೊದಲೇ ಬೆಳೆಯಬೇಕಾದ ಸಂಬಂಧ

ಕಚ್ಚಾಮಾಲು ಪೂರೈಸುವವರು, ಯಂತ್ರ ಮಾರುವವರು, ವಿಮಾ ಪ್ರತಿನಿಧಿಗಳು, ಬ್ಯಾಂಕಿನವರು, ಹೀಗೆ ಅನೇಕರು ವರ್ತಕರ ಬಾಗಿಲಿಗೆ ತಾವಾಗಿಯೇ ಬರುತ್ತಾರೆ. ಹಾಗೆ ಬಾರದವರು ವಕೀಲರು. ಇದು ಬಿಗುಮಾನವಲ್ಲ, ವೃತ್ತಿಯ ಕಟ್ಟಳೆ. 1961ರ ವಕೀಲರ ಅಧಿನಿಯಮದ ಮೇರೆಗೆ ಭಾರತೀಯ ವಕೀಲರ ಪರಿಷತ್ತು ರಚಿಸಿರುವ ನಿಯಮಗಳಲ್ಲಿ 36ನೆಯದು, ಜಾಹೀರಾತು, ಸುತ್ತೋಲೆ ಅಥವಾ ದಲ್ಲಾಳಿಗಳ ಮೂಲಕ ವಕೀಲರು ಕೆಲಸ ಕೋರುವುದನ್ನು ನಿಷೇಧಿಸುತ್ತದೆ. ಕಚೇರಿಯ ನಾಮಫಲಕವೂ ಮಿತವಾದ ಅಳತೆಯದಾಗಿರಬೇಕು. ತಾವು ಇಂಥ ಬಗೆಯ ಮೊಕದ್ದಮೆಗಳಲ್ಲಿ ನಿಷ್ಣಾತರೆಂದು ಅದರಲ್ಲಿ ಬರೆಸುವಂತಿಲ್ಲ. 2008ರ ತಿದ್ದುಪಡಿಯಿಂದ ಹೆಸರು, ವಿಳಾಸ, ನೋಂದಣಿ ವಿವರ, ವಿದ್ಯಾರ್ಹತೆ ಹಾಗೂ ವೃತ್ತಿಯ ಕ್ಷೇತ್ರಗಳನ್ನಷ್ಟೇ ಅಂತರ್ಜಾಲ ತಾಣದಲ್ಲಿ ಪ್ರಕಟಿಸಲು ಅನುಮತಿ ದೊರೆಯಿತು. ಅಂತರ್ಜಾಲದ ಮೂಲಕ ವಕೀಲರಿಗೆ ಕಕ್ಷಿದಾರರನ್ನು ಒದಗಿಸುವ ವ್ಯವಸ್ಥೆಗಳ ವಿರುದ್ಧ ಕ್ರಮ ಕೈಗೊಳ್ಳಬೇಕೆಂದು ಮದ್ರಾಸ್ ಉಚ್ಚ ನ್ಯಾಯಾಲಯವು 2024ರ ಜುಲೈನಲ್ಲಿ ಪರಿಷತ್ತಿಗೆ ನಿರ್ದೇಶಿಸಿತು.

ಆದುದರಿಂದ ವಕೀಲರ ವೃತ್ತಿ ಬೆಳೆಯುವುದು ಒಬ್ಬ ಕಕ್ಷಿದಾರರು ಇನ್ನೊಬ್ಬರಿಗೆ ಹೇಳುವ ಮಾತಿನಿಂದ. ನಮ್ಮ ಮಾರುಕಟ್ಟೆಗಳಲ್ಲಿ ಈ ಮಾತು ಸಾಮಾನ್ಯವಾಗಿ "ಅವರು ಆ ಕೇಸು ಗೆದ್ದುಕೊಟ್ಟರು" ಎಂಬಷ್ಟಕ್ಕೆ ನಿಲ್ಲುತ್ತದೆ. ಗೆದ್ದದ್ದು ಜಮೀನಿನ ದಾವೆಯೋ, ಸರಕಿನ ಬಾಕಿಯ ದಾವೆಯೋ ಎಂದು ಕೇಳುವವರು ಕಡಿಮೆ. ಹೊಲದ ಸರಹದ್ದಿನ ವ್ಯಾಜ್ಯವನ್ನು ಸಮರ್ಥವಾಗಿ ನಡೆಸಿದವರಿಗೆ ಖರೀದಿ ಆದೇಶ, ಜಿ.ಎಸ್.ಟಿ. ಮೊದಲಾದವುಗಳ ಪರಿಚಯ ಇದ್ದೇ ಇರುತ್ತದೆಂದು ಹೇಳಲಾಗದು. ಇದಕ್ಕಿಂತ ದೊಡ್ಡ ಕೊರತೆಯೆಂದರೆ, ಬಹುಪಾಲು ವರ್ತಕರು ವಕೀಲರನ್ನು ಮೊದಲ ಬಾರಿಗೆ ಕಾಣುವುದು ಸಮನ್ಸು ಕೈಗೆ ಬಂದ ಮೇಲೆ, ಇಲ್ಲವೇ ಬಾಕಿದಾರರು ದೂರವಾಣಿ ಎತ್ತುವುದನ್ನು ನಿಲ್ಲಿಸಿದ ಮೇಲೆ.

ಈ ವಿಳಂಬದ ಬೆಲೆಯೇನೆಂಬುದನ್ನು ಒಂದು ಕಲ್ಪಿತ ಉದಾಹರಣೆಯಿಂದ ನೋಡೋಣ. ಹುಬ್ಬಳ್ಳಿಯ ಗೋಕುಲ ರಸ್ತೆಯ ವಾಲ್ವ್ ತಯಾರಕರೊಬ್ಬರಿಗೆ ಗಿರಾಕಿಯು 6 ಲಕ್ಷ ರೂಪಾಯಿಗಳ ಚೆಕ್ಕು ಕೊಟ್ಟಿದ್ದಾರೆ. ಚೆಕ್ಕು ಹಣವಿಲ್ಲದೆ ಹಿಂದಿರುಗಿತು. ಗಿರಾಕಿಯು ಹಳಬರು, "ಮುಂದಿನ ವಾರ ಖಂಡಿತ" ಎಂದರು. ಹಾಗೆ ಆರು ವಾರಗಳು ಕಳೆದವು. ಚೆಕ್ಕು ಹಿಂದಿರುಗಿದ ಮಾಹಿತಿ ಬ್ಯಾಂಕಿನಿಂದ ಬಂದ 30 ದಿನಗಳೊಳಗೆ ಲಿಖಿತ ನೋಟೀಸು ಕೊಡಬೇಕೆಂಬುದು ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯ 138ನೆಯ ಕಲಮಿನ ಷರತ್ತು. ನೋಟೀಸು ತಲುಪಿದ 15 ದಿನಗಳಲ್ಲಿ ಹಣ ಬಾರದಿದ್ದರೆ, ಅನಂತರದ ಒಂದು ತಿಂಗಳೊಳಗೆ ಫಿರ್ಯಾದು ಸಲ್ಲಿಸಬೇಕು. ಫಿರ್ಯಾದು ತಡವಾದುದಕ್ಕೆ ಸಕಾರಣವಿದ್ದರೆ ನ್ಯಾಯಾಲಯವು ಮನ್ನಿಸಬಹುದು. ನೋಟೀಸು ತಡವಾದರೆ ಮನ್ನಿಸುವ ಅಧಿಕಾರ ಅದಕ್ಕಿಲ್ಲ. ಚೆಕ್ಕಿನ ಮೂರು ತಿಂಗಳ ಅವಧಿ ಉಳಿದಿದ್ದರೆ ಮತ್ತೊಮ್ಮೆ ಬ್ಯಾಂಕಿಗೆ ಹಾಕಿ ಹೊಸದಾಗಿ ನೋಟೀಸು ಕೊಡಬಹುದು. ಆ ಅವಧಿಯೂ ಮುಗಿದಿದ್ದರೆ ಉಳಿಯುವುದು ಸಿವಿಲ್ ದಾವೆ, ಅದರ ನ್ಯಾಯಾಲಯ ಶುಲ್ಕ, ಅದರ ವರ್ಷಗಳು. ಪರಿಚಿತ ವಕೀಲರಿದ್ದಿದ್ದರೆ ಮೊದಲ ವಾರದಲ್ಲಿಯೇ ಐದು ನಿಮಿಷದ ದೂರವಾಣಿ ಮಾತು ಇದನ್ನು ತಪ್ಪಿಸುತ್ತಿತ್ತು. ನೋಟೀಸು ಕೊಟ್ಟರೆ ಗಿರಾಕಿ ಮುರಿಯುತ್ತಾರೆಂಬ ಅಂಜಿಕೆ ನಮ್ಮಲ್ಲಿ ಬಹಳ. ಆದರೆ ನೋಟೀಸಿನ ಭಾಷೆ ಸೌಮ್ಯವಾಗಿರಲು ಯಾವ ಅಡ್ಡಿಯೂ ಇಲ್ಲ. ಕಾನೂನು ಕೇಳುವುದು ಮೊಬಲಗಿನ ತಗಾದೆಯನ್ನು, ಕಟುನುಡಿಯನ್ನಲ್ಲ.

ಸಂಬಂಧವನ್ನು ಕಟ್ಟುವುದರಲ್ಲಿ ವರ್ತಕರ ಪಾಲು ಮುಖ್ಯವಾಗಿ ಕಾಗದಪತ್ರಗಳದು. ಮಾರಿದ ಸರಕಿನ ಬೆಲೆಗೆ ದಾವೆ ಹೂಡಲು ಕಾಲಮಿತಿ ಮೂರು ವರ್ಷ. ಅದು ಮುಗಿಯುವ ಮೊದಲು ಬಾಕಿದಾರರು ಸಹಿ ಮಾಡಿದ ಲಿಖಿತ ಒಪ್ಪಿಗೆ ದೊರೆತರೆ ಆ ದಿನದಿಂದ ಹೊಸ ಮೂರು ವರ್ಷ ಆರಂಭವಾಗುತ್ತದೆ. ಪ್ರತಿ ಮಾರ್ಚ್‌ನಲ್ಲಿ ಲೆಕ್ಕಪರಿಶೋಧಕರಿಗಾಗಿ ತರಿಸುವ ಬಾಕಿ ದೃಢೀಕರಣ ಪತ್ರಕ್ಕೆ ಈ ಬೆಲೆಯೂ ಇದೆ ಎಂಬುದನ್ನು ಅನೇಕರು ಅರಿತಿಲ್ಲ. 3 ಲಕ್ಷ ರೂಪಾಯಿಗಳಿಗೆ ಕಡಿಮೆಯಿಲ್ಲದ ವಾಣಿಜ್ಯ ವ್ಯಾಜ್ಯವು 2015ರ ವಾಣಿಜ್ಯ ನ್ಯಾಯಾಲಯಗಳ ಅಧಿನಿಯಮಕ್ಕೆ ಒಳಪಡುತ್ತದೆ. ಅಲ್ಲಿ ತುರ್ತು ಪರಿಹಾರ ಕೋರದ ದಾವೆಗೆ ಮೊದಲು ಮಧ್ಯಸ್ಥಿಕೆ ಕಡ್ಡಾಯ. ದಾವಾಪತ್ರದೊಡನೆ ತಮ್ಮಲ್ಲಿರುವ ಸಂಬಂಧಿತ ದಾಖಲೆಗಳೆಲ್ಲವನ್ನೂ ಸಲ್ಲಿಸಬೇಕು. "ಆ ಚಲನ್ ಎಲ್ಲೋ ಇದೆ, ಆಮೇಲೆ ಕೊಡುತ್ತೇನೆ" ಎಂಬ ಹಳೆಯ ರೂಢಿ ಅಲ್ಲಿ ನಡೆಯದು. ಖರೀದಿ ಆದೇಶ, ಬಿಲ್ಲು, ಸರಕು ತಲುಪಿದ್ದಕ್ಕೆ ಸಹಿ, ಖಾತೆಯ ಪ್ರತಿ ಇವನ್ನು ಗಿರಾಕಿವಾರು ಇರಿಸಿಕೊಂಡವರ ಕೆಲಸವನ್ನು ವಕೀಲರೂ ಉತ್ಸಾಹದಿಂದ ಕೈಗೆತ್ತಿಕೊಳ್ಳುತ್ತಾರೆ.

ವಕೀಲರ ಮುಂದೆ ಪ್ರತಿಕೂಲ ಸಂಗತಿಯನ್ನೂ ಮುಚ್ಚಿಡಬಾರದು. ವೃತ್ತಿಯ ಸಂಬಂಧದಲ್ಲಿ ಹೇಳಿದ್ದನ್ನು ಕಕ್ಷಿದಾರರ ಸಮ್ಮತಿಯಿಲ್ಲದೆ ಬಹಿರಂಗಪಡಿಸದಂತೆ 2023ರ ಭಾರತೀಯ ಸಾಕ್ಷ್ಯ ಅಧಿನಿಯಮವು ರಕ್ಷಣೆ ಕೊಡುತ್ತದೆ. ಅಪರಾಧ ಎಸಗುವ ಉದ್ದೇಶದಿಂದ ಆಡಿದ ಮಾತಿಗೆ ಮಾತ್ರ ಆ ರಕ್ಷಣೆಯಿಲ್ಲ.

ಶುಲ್ಕದ ವಿಷಯದಲ್ಲಿ ಎರಡೂ ಕಡೆ ಸಂಕೋಚ ಹೆಚ್ಚು. ಮನಸ್ತಾಪಗಳು ಹುಟ್ಟುವುದೂ ಇಲ್ಲಿಯೇ. ವಕೀಲರ ಶುಲ್ಕವೆಷ್ಟು, ನ್ಯಾಯಾಲಯ ಶುಲ್ಕ ಮತ್ತಿತರ ವೆಚ್ಚವೆಷ್ಟು, ಅದು ಯಾವ ಹಂತದವರೆಗೆ ಎಂಬುದನ್ನು ಮೊದಲ ಭೇಟಿಯಲ್ಲಿಯೇ ಒಂದು ಪತ್ರದಲ್ಲಿ ಬರೆದುಕೊಳ್ಳುವುದು ಲೇಸು. ವಸೂಲಾದ ಹಣದಲ್ಲಿ ಪಾಲು ಕೊಡುವ ಒಪ್ಪಂದವನ್ನು ವರ್ತಕರು ಮುಂದಿಡಬಾರದು. ವೃತ್ತಿ ನಿಯಮಗಳು ಅದಕ್ಕೆ ಅವಕಾಶ ಕೊಡುವುದಿಲ್ಲ. ಪ್ರತಿ ತಿಂಗಳು ಅಥವಾ ವರ್ಷಕ್ಕೆ ನಿಗದಿತ ಮೊತ್ತ ಕೊಟ್ಟು ಸಲಹೆ ಪಡೆಯುವ ಏರ್ಪಾಡು ಸಣ್ಣ ಘಟಕಗಳಿಗೂ ಭಾರವಾಗಲಾರದು, ನಾಲ್ಕಾರು ಘಟಕಗಳವರು ಒಬ್ಬರೇ ವಕೀಲರಲ್ಲಿ ಪ್ರತ್ಯೇಕವಾಗಿ ಇಂಥ ಏರ್ಪಾಡು ಮಾಡಿಕೊಂಡರೆ ದರವೂ ಇಳಿಯಬಹುದು. ಜಿ.ಎಸ್.ಟಿ. ನೋಂದಣಿಯ ಮಿತಿ ಮೀರಿದ ವಹಿವಾಟಿನ ಸಂಸ್ಥೆಗಳು ವಕೀಲರ ಸೇವೆಯ ಮೇಲಿನ ತೆರಿಗೆಯನ್ನು ತಾವೇ ಸರ್ಕಾರಕ್ಕೆ ಕಟ್ಟಬೇಕೆಂಬುದು ನೆನಪಿರಲಿ.

ಇನ್ನು ವಕೀಲರಿಂದ ವರ್ತಕರು ನಿರೀಕ್ಷಿಸಬಹುದಾದದ್ದು. ಪ್ರತಿ ತಾರೀಖಿನ ನಂತರ ನಡೆದದ್ದೇನೆಂಬ ಎರಡು ಸಾಲಿನ ಸಂದೇಶ ಕಳುಹಿಸುವ ವಕೀಲರನ್ನು ಕಕ್ಷಿದಾರರು ಬಿಡುವುದಿಲ್ಲ, ಬೇರೆಯವರಿಗೂ ಹೇಳುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಜಾಹೀರಾತು ಇಲ್ಲದ ವೃತ್ತಿಗೆ ಇದಕ್ಕಿಂತ ಒಳ್ಳೆಯ ಪ್ರಚಾರ ಮತ್ತೊಂದಿಲ್ಲ. ಸಂದೇಶ ಬಾರದಿದ್ದರೆ, ಮೊಕದ್ದಮೆಯ 16 ಅಂಕಿ-ಅಕ್ಷರಗಳ ಸಿ.ಎನ್.ಆರ್. ಸಂಖ್ಯೆಯನ್ನು ಕೇಳಿಟ್ಟುಕೊಂಡು ಇ-ಕೋರ್ಟ್ಸ್ ತಾಣದಲ್ಲಿ ತಾರೀಖನ್ನು ತಾವೇ ನೋಡಬಹುದು.

ಹೊಂದಿಕೆಯಾಗದಿದ್ದರೆ ವಕೀಲರನ್ನು ಬದಲಾಯಿಸುವ ಹಕ್ಕು ಕಕ್ಷಿದಾರರಿಗಿದೆ. ಶುಲ್ಕ ಬಾಕಿಯೆಂಬ ಕಾರಣದಿಂದ ಕಡತವನ್ನು ತಡೆಹಿಡಿಯುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2000ದಲ್ಲಿ ತೀರ್ಪಿತ್ತಿದೆ. ಬಾಕಿಯನ್ನು ವಕೀಲರು ಬೇರೆ ಮಾರ್ಗದಿಂದ ವಸೂಲು ಮಾಡಬೇಕು. ವೃತ್ತಿ ದುರ್ನಡತೆಯ ದೂರನ್ನು ರಾಜ್ಯ ವಕೀಲರ ಪರಿಷತ್ತಿಗೆ ಸಲ್ಲಿಸಬೇಕೇ ಹೊರತು ಗ್ರಾಹಕರ ಆಯೋಗಕ್ಕಲ್ಲ. ವಕೀಲರ ಸೇವೆಯು ಗ್ರಾಹಕ ಸಂರಕ್ಷಣಾ ಕಾಯಿದೆಯ ವ್ಯಾಪ್ತಿಗೆ ಬಾರದೆಂದು 2024ರ ಮೇ 14ರಂದು ಅದೇ ನ್ಯಾಯಾಲಯ ಹೇಳಿದೆ. ಸಿವಿಲ್ ದಾವೆಯಲ್ಲಿ ಹಳೆಯ ವಕಾಲತ್ತುನಾಮೆಯು ನ್ಯಾಯಾಲಯದ ಅನುಮತಿಯಿಂದ ರದ್ದಾಗುವವರೆಗೂ ಜಾರಿಯಲ್ಲಿರುತ್ತದೆ. ಆದ್ದರಿಂದ ಬದಲಾವಣೆಯ ದಿನವೇ ಮುಂದಿನ ತಾರೀಖು, ಸಲ್ಲಿಸಿದ ಮೂಲ ದಾಖಲೆಗಳ ಪಟ್ಟಿ ಮತ್ತು ಕಟ್ಟಿದ ಶುಲ್ಕದ ರಸೀದಿಗಳನ್ನು ಪಡೆದು ಹೊಸ ವಕೀಲರಿಗೆ ಒಪ್ಪಿಸಬೇಕು.