ಮುಳುಗಿದ ಅಣೆಕಟ್ಟನ್ನು ನೋಡಬಹುದೇ?

1964ರಲ್ಲಿ ಜಾಕ್ ಪಿಕಾರರ ಜಲಾಂತರ್ಗಾಮಿ ನೌಕೆಯು ಒಮ್ಮೆಗೆ 40 ಪ್ರವಾಸಿಕರನ್ನು ಹೊತ್ತು ಜಿನೀವಾ ಸರೋವರದಲ್ಲಿ ಮುಳುಗಿತು. ಅದೇ ವರ್ಷ ಶರಾವತಿಗೆ ಕಟ್ಟಿದ ಲಿಂಗನಮಕ್ಕಿಯ ಜಲಾಶಯವು ಹಿಂದಿನ ಹಿರೇಭಾಸ್ಕರ ಅಣೆಕಟ್ಟನ್ನೇ ನುಂಗಿತು. ಅನೇಕ ಊರುಗಳನ್ನೂ ನುಂಗಿತು. ಮನೆ ತೊರೆದವರಿಗೆ ಅದು ವಿಹಾರಸ್ಥಳವಲ್ಲವೆಂಬುದನ್ನು ನಾವು ಮರೆಯಲಾಗದು. ಆದರೂ, ಅಂತಹ ನೌಕೆಯಲ್ಲಿ ಇಲ್ಲಿಯೂ ಇಳಿಯಬಹುದೇ ಎಂದು ಧಾರವಾಡದ ನಮ್ಮ ವಿದ್ಯಾರ್ಥಿಗಳು ಕೇಳುವುದುಂಟು.

ಒತ್ತಡದ ಅಂಜಿಕೆಯಿಲ್ಲ. ಪ್ರತಿ 10 ಮೀಟರ್ ಆಳಕ್ಕೆ ವಾಯುಮಂಡಲದ ಒಂದುಪಟ್ಟು ಒತ್ತಡವಷ್ಟೇ ಹೆಚ್ಚುವುದು. ಉಕ್ಕಿನ ಗೋಡೆ ಅದನ್ನು ತಾಳೀತು. ತೊಡಕಿರುವುದು ಬೆಳಕಿನದು. ನೀರು ಮೊದಲು ಕೆಂಪು ಕಿರಣಗಳನ್ನು ಹೀರುತ್ತದೆ. ಮಳೆಗಾಲದ ಕೆಸರಿನ ಕಣಗಳು ಉಳಿದವನ್ನು ಚದರಿಸುತ್ತವೆ. ದೀಪ ಹಚ್ಚಿದರೆ, ಮಂಜಿನಲ್ಲಿ ಮೋಟಾರಿನ ದೀಪ ಹಚ್ಚಿದಂತೆ, ಕಣಗಳೇ ಹೊಳೆದಾವು, ಗೋಡೆ ಕಾಣದು.

ಮಳೆ ಕೈಕೊಟ್ಟ ವರ್ಷದ ಬೇಸಗೆಯಲ್ಲಿ ಮಾತ್ರ ನೀರಿಳಿದು, ಮಡೆನೂರಿನ ಬಳಿ ಆ ಅಣೆಕಟ್ಟು ತಾನಾಗಿ ಮೇಲೇಳುತ್ತದೆ. ಆಗ ಅದರ ಸೈಫನ್‌ಗಳನ್ನು ನಡೆದೇ ಹೋಗಿ ನೋಡಬಹುದು.