ಭುಜದ ನೋವಿಗೆ ಪಿಆರ್‌ಪಿ ಇಂಜೆಕ್ಷನ್: ದುಡ್ಡು ಕಟ್ಟುವ ಮುಂಚೆ ಇಷ್ಟು ತಿಳ್ಕೊಳ್ಳಿ

ಚಿಕ್ಕಬಳ್ಳಾಪುರ: ಚಿಂತಾಮಣಿಯಲ್ಲಿ ಟೊಮೆಟೊ ಬಾಕ್ಸ್ ಎತ್ತುವ ಹಮಾಲಿಗಳು, ಶಿಡ್ಲಘಟ್ಟದ ರೇಷ್ಮೆ ರೀಲರ್‌ಗಳು, ಚಿಕ್ಕಬಳ್ಳಾಪುರ, ಗೌರಿಬಿದನೂರಿನಲ್ಲಿ ದಿನವಿಡೀ ಮೇಲಿನ ರ‍್ಯಾಕ್‌ನಿಂದ ಸಾಮಾನು ಇಳಿಸುವ ಅಂಗಡಿಯವರು. ಇವರಿಗೆಲ್ಲ ಭುಜದ ನೋವು ಹೊಸದಲ್ಲ. ಕೈ ಮೇಲೆತ್ತೋಕಾಗಲ್ಲ, ರಾತ್ರಿ ಆ ಮಗ್ಗುಲಿಗೆ ಮಲಗೋಕಾಗಲ್ಲ. 'ನರ ಹಿಡ್ಕೊಂಡಿದೆ' ಅಂತ ಎಣ್ಣೆ ತಿಕ್ಕಿಸಿಕೊಂಡು ತಿಂಗಳುಗಟ್ಟಲೆ ದೂಡುವವರೂ ಇದ್ದಾರೆ.

ಎಷ್ಟೋ ಸಲ ತೊಂದರೆ ಇರುವುದು ನರದಲ್ಲಲ್ಲ, ಸ್ನಾಯುವನ್ನು ಮೂಳೆಗೆ ಕಟ್ಟಿರುವ ಸ್ನಾಯುರಜ್ಜುವಿನಲ್ಲಿ. ಭುಜದ ಕೀಲಿನ ಸುತ್ತ ಇಂಥ 4 ಸ್ನಾಯುಗಳಿವೆ; ಅವಕ್ಕೆ ಒಟ್ಟಾಗಿ ರೋಟೇಟರ್ ಕಫ್ ಎನ್ನುತ್ತಾರೆ. ರಜ್ಜುವಿಗೆ ರಕ್ತ ಸಂಚಾರ ಕಮ್ಮಿ, ಹಾಗಾಗಿ ವಾಸಿಯಾಗುವುದೂ ನಿಧಾನ.

ಪಿಆರ್‌ಪಿ ಅಂದ್ರೇನು?

ಡೆಂಗಿ ಬಂದಾಗ ಎಲ್ಲರ ಬಾಯಲ್ಲೂ ಬರುವ ಪ್ಲೇಟ್‌ಲೆಟ್ ಇಲ್ಲೂ ಮುಖ್ಯ. ರಕ್ತ ಸೋರುವುದನ್ನು ನಿಲ್ಲಿಸುವುದಷ್ಟೇ ಅಲ್ಲ, ಗಾಯ ಮಾಯಲು ನೆರವಾಗುವ ಪ್ರೋಟೀನುಗಳನ್ನೂ ಪ್ಲೇಟ್‌ಲೆಟ್ ಬಿಡುಗಡೆ ಮಾಡುತ್ತದೆ. ರೋಗಿಯದೇ ರಕ್ತ ತೆಗೆದು, ಯಂತ್ರದಲ್ಲಿ ಗಿರಗಿರನೆ ತಿರುಗಿಸಿ, ಪ್ಲೇಟ್‌ಲೆಟ್ ಹೆಚ್ಚಿರುವ ಭಾಗವನ್ನು ಬೇರ್ಪಡಿಸಿ ಭುಜಕ್ಕೆ ಚುಚ್ಚುತ್ತಾರೆ. ಅಲ್ಟ್ರಾಸೌಂಡ್‌ನಲ್ಲಿ ನೋಡಿಕೊಂಡು ಕೊಟ್ಟರೆ ಮದ್ದು ಸರಿಯಾದ ಜಾಗಕ್ಕೆ ಹೋಗುತ್ತದೆ.

ಎಲ್ಲರಿಗೂ ಕೆಲಸ ಮಾಡುತ್ತಾ?

ಇಲ್ಲ. ರಜ್ಜು ಸವೆದಿದ್ದರೆ ಅಥವಾ ಅರ್ಧಂಬರ್ಧ ಹರಿದಿದ್ದರೆ ಕೆಲವರಿಗೆ ಅನುಕೂಲವಾಗಬಹುದು. ಪೂರ್ತಿ ಹರಿದು ಬೇರ್ಪಟ್ಟ ರಜ್ಜುವನ್ನು ಇಂಜೆಕ್ಷನ್ ಮತ್ತೆ ಕೂಡಿಸುವುದಿಲ್ಲ. ಸಕ್ಕರೆ ಕಾಯಿಲೆ ಇದ್ದವರಲ್ಲಿ ಹೆಚ್ಚಾಗಿ ಕಾಣುವ 'ಫ್ರೋಜನ್ ಶೋಲ್ಡರ್' ಬೇರೆಯದೇ ತೊಂದರೆ.

2013ರಲ್ಲಿ ಪ್ರಕಟವಾದ ಟರ್ಕಿಯ ಅಧ್ಯಯನವೊಂದರಲ್ಲಿ 40 ರೋಗಿಗಳ ಪೈಕಿ ಅರ್ಧದಷ್ಟು ಜನರಿಗೆ ಪಿಆರ್‌ಪಿ, ಉಳಿದವರಿಗೆ ಬರೀ ಸಲೈನ್ ಕೊಡಲಾಯಿತು. ಎರಡೂ ಗುಂಪಿಗೆ ವ್ಯಾಯಾಮ ಮಾಡಿಸಿದರು. ವರ್ಷದ ನಂತರ ನೋಡಿದರೆ ಎರಡರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಲಾಭ ಕಂಡ ಅಧ್ಯಯನಗಳೂ ಇವೆ. ಅಂದರೆ ಫಲ ಗ್ಯಾರಂಟಿ ಅಂತ ಯಾರೂ ಹೇಳುವಂತಿಲ್ಲ.

ಸ್ಟೀರಾಯ್ಡ್ ಇಂಜೆಕ್ಷನ್ ಬೇಗ ನೋವು ಇಳಿಸುತ್ತದೆ, ಆದರೆ ಪದೇಪದೇ ಕೊಟ್ಟರೆ ರಜ್ಜು ದುರ್ಬಲವಾಗಬಹುದು, ಶುಗರ್ ಕೂಡ ಏರಬಹುದು. ಪಿಆರ್‌ಪಿ ಫಲ ಕೊಟ್ಟರೂ ವಾರಗಟ್ಟಲೆ ಕಾಯಬೇಕು. ಮೊದಲ ಕೆಲವು ದಿನ ನೋವು ಹೆಚ್ಚಾಗುವುದೂ ಉಂಟು.

ಡಾಕ್ಟರ್ ಹತ್ರ ಕೇಳಬೇಕಾದ್ದು

* ಸ್ಕ್ಯಾನ್‌ನಲ್ಲಿ ರಜ್ಜು ಎಷ್ಟು ಹರಿದಿದೆ?
* ಮೊದಲು ಫಿಸಿಯೋಥೆರಪಿ ಮಾಡಿ ನೋಡಬಹುದಾ?
* ಒಟ್ಟು ಎಷ್ಟು ಇಂಜೆಕ್ಷನ್, ಒಟ್ಟು ಖರ್ಚೆಷ್ಟು?
* ಎಷ್ಟು ದಿನ ಭಾರ ಎತ್ತಬಾರದು?

ರಕ್ತ ತೆಳುವಾಗಿಸುವ ಮಾತ್ರೆ ಅಥವಾ ನೋವಿನ ಮಾತ್ರೆ ತಗೊಳ್ತಿದ್ದರೆ ಮೊದಲೇ ತಿಳಿಸಿ, ನೀವಾಗಿಯೇ ನಿಲ್ಲಿಸಬೇಡಿ. ಬಿದ್ದ ಮೇಲೆ ದಿಢೀರನೆ ಕೈ ಎತ್ತಲಾಗದಿದ್ದರೆ ಮಾತ್ರ ತಡ ಮಾಡದೆ ಮೂಳೆ ವೈದ್ಯರನ್ನು ಕಾಣಿ.