ಮಿಣುಕುಹುಳದ ಬೆಳಕಲ್ಲಿ ನಮ್ಮ ಗೋರ್ಟಾ

ಗೋರ್ಟಾ(ಬಿ)ಯ ನಮ್ಮ ಮಾಳಿಗೆ ಮೇಲೆ ಕೂತು ಮೊಬೈಲ್‌ನಲ್ಲಿ ಜಪಾನಿನ ‘ಗ್ರೇವ್ ಆಫ್ ದ ಫೈರ್‌ಫ್ಲೈಸ್’ ನೋಡಿದೆ. ಇಸಾವೊ ತಕಹಾತ ನಿರ್ದೇಶಿಸಿದ 1988ರ ಅನಿಮೇಷನ್. 1945ರ ಬಾಂಬ್ ದಾಳಿಯಲ್ಲಿ ತಾಯಿಯನ್ನು ಕಳೆದುಕೊಂಡ ಅಣ್ಣ-ತಂಗಿಯ ಕತೆ. ತಕಹಾತ ಕೂಡ 9ನೇ ವಯಸ್ಸಲ್ಲಿ ಅಂಥದ್ದೇ ದಾಳಿಯಿಂದ ಪಾರಾದವರು.

ಇಲ್ಲಿ ಚಿತ್ರದ ಅಂಚಿನ ಗೆರೆ ಹೆಚ್ಚಾಗಿ ಕಪ್ಪಲ್ಲ, ಕಂದು. ಅದಕ್ಕೇ ಮುಖಗಳು ಹಳೇ ನೆನಪಿನಂಗೆ ಮೆತ್ತಗೆ ಕಾಣ್ತವೆ. ಬಾಂಬಿಗಿಂತ ಹೆಚ್ಚು ಕಾಡಿದ್ದು, ಖಾಲಿ ಮಿಠಾಯಿ ಡಬ್ಬಿಗೆ ನೀರು ಹಾಕಿ ಅಣ್ಣ ತಂಗಿಗೆ ಕುಡಿಸೋ ದೃಶ್ಯ.

1948ರ ಮೇ ತಿಂಗಳಲ್ಲಿ ರಜಾಕಾರರು ನಮ್ಮೂರಲ್ಲಿ ಹತ್ಯಾಕಾಂಡ ನಡೆಸಿದ್ರು. ಸತ್ತವರಿಗೆ ಸ್ಮಾರಕ ಅದ. ಆದ್ರ ಉಳಿದ ಮಕ್ಕಳು ಆ ರಾತ್ರಿ ಏನು ತಿಂದ್ರು? ಅದು ಕಲ್ಲಿನ ಮೇಲಿಲ್ಲ, ಅಜ್ಜ-ಅಜ್ಜಿಯರ ಬಾಯಲ್ಲಿದೆ. ಅವರಿದ್ದಾಗಲೇ ಕೇಳ್ರಿ, ಫೋನಲ್ಲಿ ರೆಕಾರ್ಡ್ ಮಾಡ್ರಿ.